ಉಪ್ಪಿಲ್ಲದ ಸೇಮಿಗೆ

"ಬಿಸಿ ಆರುವ ಮೊದಲು ತಿರುಗಿಸು. ಆಮೇಲೆ ಹಿಟ್ಟು ಇಳೀಲಿಕ್ಕಿಲ್ಲ," ಎಂದಳು ಅಮ್ಮ.

ಸೇವಂತಿ ಸೇಮಿಗೆ ಮಣೆಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದಳು. ಸ್ಕ್ರೂ ನರಳಿತು. ಬೆಂದ ಅಕ್ಕಿಹಿಟ್ಟಿನ ಉಂಡೆ ಹಿತ್ತಾಳೆಯ ತೂತುಗಳಿಂದ ಬಿಳಿ ಎಳೆಗಳಾಗಿ ಇಳಿಯತೊಡಗಿತು. ಅಜ್ಜಿಯ ಬಿಚ್ಚಿದ ಕೂದಲೂ ಹೀಗೇ ಇತ್ತು. ಎಳೆಗಳು ಸುರುಳಿಯಾಗಿ ಬೀಳಲೆಂದು ಕೆಳಗೆ ಅಮ್ಮ ಬಾಳೆಲೆಯನ್ನು ಸುತ್ತ ಆಡಿಸುತ್ತಿದ್ದಳು.

ದುಗ್ಗಮ್ಮಜ್ಜಿ ತೀರಿಹೋದ ಮೇಲೆ ಮಣೆಯನ್ನು ಅಟ್ಟದಿಂದ ಇಳಿಸಿದ್ದು ಇವತ್ತೇ. ಇವತ್ತು ಹಿರಿಯರಿಗೆ ಬಡಿಸುವ ದಿನ. ಸಂಜೆ ಒಳಕೋಣೆಯಲ್ಲಿ ಎಲೆ ಹಾಕಿ ಬಡಿಸಿ ಬಾಗಿಲು ಮುಚ್ಚುತ್ತಾರೆ. ಸತ್ತವರು ಬಂದು ಉಣ್ಣುತ್ತಾರೆ. ಅದಕ್ಕೆ ಮೊದಲು ಆ ಅಡುಗೆಯನ್ನು ಯಾರೂ ಬಾಯಿಗೆ ಹಾಕುವ ಹಾಗಿಲ್ಲ, ರುಚಿ ನೋಡಲಿಕ್ಕೂ ಇಲ್ಲ.

"ಅಜ್ಜಿ ಬಂದ್ರೆ ಫಸ್ಟು ನಿನ್ನ ಜಡೆ ಎಳೀತಾರೆ, ನೋಡ್ತಾ ಇರು," ಎಂದು ತಮ್ಮ ಕುಶಾಲಪ್ಪ ಕಿವಿಯಲ್ಲಿ ಹೇಳಿ ಓಡಿದ.

ಒಂದು ಎಳೆ ಎಲೆಯಿಂದ ಹೊರಗೆ ಜಾರಿತು. ಹಿಡಿಯಹೋದ ಸೇವಂತಿಯ ಬೆರಳು ಸುಟ್ಟಿತು. ಯೋಚಿಸುವ ಮೊದಲೇ ಹಿಟ್ಟು ಮೆತ್ತಿದ ಬೆರಳು ಬಾಯಲ್ಲಿತ್ತು.

ಅಮ್ಮ ನೋಡಲಿಲ್ಲ. ಆದರೆ ನಾಲಗೆಗೆ ಗೊತ್ತಾಗಿಹೋಯಿತು. ಸೇಮಿಗೆಗೆ ಉಪ್ಪೇ ಹಾಕಿರಲಿಲ್ಲ.

ಹೇಳಿದರೆ, ತಾನು ಎಂಜಲು ಮಾಡಿದ್ದು ಗೊತ್ತಾಗುತ್ತದೆ. ಹೇಳದಿದ್ದರೆ? ಉಪ್ಪು ಕಡಿಮೆಯಾದರೆ ಅಜ್ಜಿ ಬೈಯುತ್ತಿರಲಿಲ್ಲ. ಒಂದೇ ಬೆರಳಿನಿಂದ ಎಲೆಯನ್ನು ಮುಂದಕ್ಕೆ ತಳ್ಳಿ, ಹಸಿದುಕೊಂಡೇ ಎದ್ದುಹೋಗುತ್ತಿದ್ದರು.

ಕತ್ತಲಾಗುವಾಗ ಅಪ್ಪ ಬಡಿಸಿ, ಕೈಮುಗಿದು ಬಾಗಿಲು ಮುಚ್ಚಿದ. ಎಲ್ಲರೂ ಚಾವಡಿಯಲ್ಲಿ ಕುಳಿತರು. ಗಾಳಿ ಇರಲಿಲ್ಲ.

ಒಳಗೆ ಏನೋ ಸರಿಯಿತು. ನೆಲದ ಮೇಲೆ ಬಾಳೆಲೆ ಜಾರಿದ ಸದ್ದು.

ಸೇವಂತಿ ದಡಕ್ಕನೆ ಎದ್ದಳು. ಅವಳು ಅಮ್ಮನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಎಲ್ಲ ಹೇಳಿಬಿಟ್ಟಳು. ಬೆರಳು ಸುಟ್ಟದ್ದು, ಬಾಯಿಗೆ ಹೋದದ್ದು, ಉಪ್ಪಿಲ್ಲದ್ದು.

ಅಮ್ಮ ಬೈಯಲಿಲ್ಲ. ಉಪ್ಪಿನ ಮರಿಗೆಯನ್ನು ಹತ್ತಿರ ಎಳೆದುಕೊಂಡಳು.

"ಹಿಟ್ಟಿಗೆ ಉಪ್ಪು ಹಾಕುದು ಯಾವಾಗ್ಲೂ ಅತ್ತೆ," ಎಂದಳು. "ನಾನು ಬಂದ ವರ್ಷದಿಂದ ನನ್ನನ್ನು ಉಪ್ಪು ಮುಟ್ಲಿಕ್ಕೆ ಬಿಟ್ಟದ್ದೇ ಇಲ್ಲ. ಇವತ್ತೂ ಅವರೇ ಹಾಕ್ತಾರೆ ಅಂತ ನನ್ನ ಕೈ ಸುಮ್ಮನಿತ್ತು ಕಾಣ್ತದೆ."

ಮುಷ್ಟಿಯಲ್ಲಿ ಉಪ್ಪು ಹಿಡಿದು ಅವಳು ಒಳಕೋಣೆಯ ಬಾಗಿಲವರೆಗೆ ಬಂದಳು. ಈಗ ಬಾಗಿಲು ತೆರೆಯುವುದು ಬೇಡವೆಂದು ಅಪ್ಪ ಕೈಯಾಡಿಸಿದ. ಒಳಗೆ ಎಲೆ ಮತ್ತೆ ಸರಿಯಿತು.

"ನೀನು ಮುಂದೆ ಹೋಗು ಮಗಾ," ಅಮ್ಮನ ದನಿ ಕೇಳುವಷ್ಟೂ ಇರಲಿಲ್ಲ. "ನಿನ್ನನ್ನು ಕಂಡ್ರೆ ಅವರಿಗೆ ಪ್ರೀತಿ."

ಸೇವಂತಿ ತಿರುಗಿ ನೋಡಿದಳು. ಇಷ್ಟು ದೊಡ್ಡ ಅಮ್ಮ ಅವಳ ಬೆನ್ನ ಹಿಂದೆ ಬಗ್ಗಿ ನಿಂತಿದ್ದಳು. ಬೆರಳುಗಳ ಸಂದಿನಿಂದ ಉಪ್ಪು ಉದುರುತ್ತಿತ್ತು.

ಸೇವಂತಿ ಅಮ್ಮನ ಇನ್ನೊಂದು ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಬಾಗಿಲು ತಳ್ಳಿದಳು.

"ಅಜ್ಜಿ," ಎಂದಳು ಕತ್ತಲಿಗೆ, "ಅಮ್ಮ ನನ್ನ ಒಟ್ಟಿಗೆ ಇದ್ದಾರೆ."