ಕೊನೆಯ ಯಂತ್ರದ ಹತ್ತು ರಿಯಾಲ್

ಆಲಿಸ್ ಮಾಡಿದ ನೆವ್ರಿ ತಿಂದು ಓಲಿವಿಯಾ ಬಾಯಿ ಚಪ್ಪರಿಸಿದ ದಿನವೇ, ಆಲಿಸ್‌ಳನ್ನು ಕಳ್ಳಿ ಮಾಡದೆ ಬೇರೆ ದಾರಿಯಿಲ್ಲ ಎಂದು ಕಾರ್ಮಿನ್ ತೀರ್ಮಾನಿಸಿದಳು.

ಮಸ್ಕತ್ತಿನ ಅಲ್ ಹೈಲ್‌ನ ಮಂಗಳೂರು ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್ ಎಂದರೆ ಕುಸ್ವಾರ್, ಕುಸ್ವಾರ್ ಎಂದರೆ ಕಾರ್ಮಿನ್. ನೆವ್ರಿ, ಕಿಡಿಯೊ, ಗುಳಿಯೊ ಎಲ್ಲ ತುಂಬಿದ ಆ ತಿಂಡಿಪೆಟ್ಟಿಗೆಗಳು ಅವಳ ಅಡುಗೆಮನೆಯಿಂದಲೇ ಹೊರಡಬೇಕು. ಚರ್ಚಿನ ಮಹಿಳಾ ಸಂಘದ ಅಧ್ಯಕ್ಷೆ ಓಲಿವಿಯಾ ಪ್ರತಿವರ್ಷ ಇಡೀ ಸಂಘದ ಆರ್ಡರನ್ನು ಕಣ್ಣುಮುಚ್ಚಿ ಅವಳಿಗೇ ಕೊಡುತ್ತಿದ್ದಳು. ಗಂಡನ ಸಂಬಳ ಯಾವ ತಿಂಗಳು ಬರುತ್ತದೆಂದು ಅವನ ಕಂಪನಿಗೇ ಗೊತ್ತಿಲ್ಲದಿರುವಾಗ, ಮನೆ ನಿಂತದ್ದೇ ಆ ಆರ್ಡರಿನ ಮೇಲೆ.

ಅಂಥದ್ದರಲ್ಲಿ ಕೆಳಗಿನ ಫ್ಲ್ಯಾಟಿಗೆ ಮದುವೆಯಾಗಿ ಬಂದಳು ಈ ಆಲಿಸ್. ನೆವ್ರಿಯ ಅಂಚು ಮಡಚಲು ಬಾರದೆ ಕಣ್ಣೀರು ಹಾಕುತ್ತಿದ್ದವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದವರು ಯಾರು? ಕಾರ್ಮಿನ್. ಈಗ ಅದೇ ಆಲಿಸ್ ಪೆಟ್ಟಿಗೆಗೆ ಕೆಂಪು ರಿಬ್ಬನ್ ಕಟ್ಟಿ, ಇನ್‌ಸ್ಟಾಗ್ರಾಮಿಗೆ ಹಾಕಿ, ಕೆಳಗೆ ‘ಅಪ್ಪಟ ಬೆಣ್ಣೆಯಲ್ಲಿ ಮಾಡಿದ್ದು’ ಎಂದು ಬರೆದುಕೊಳ್ಳುತ್ತಾಳೆ. “ಈ ಸಲ ಅವಳಿಗೊಂದು ಚಾನ್ಸ್ ಕೊಡುವ ಅಂತ. ಸಣ್ಣವಳು, ಪಾಪ,” ಎಂದಿದ್ದಳು ಓಲಿವಿಯಾ. ಪಾಪವಂತೆ! ಕಾರ್ಮಿನ್‌ಗೆ ಅಂದು ರಾತ್ರಿ ಅನ್ನ ಸೇರಲಿಲ್ಲ.

ಉಪಾಯ ಹೊಳೆದದ್ದು ಸಂಘದ ವಾಟ್ಸಾಪ್ ಗುಂಪಿನಿಂದ. ಬರ್ಕಾದ ಯಾವುದೋ ಅಂಗಡಿಯಲ್ಲಿ, ಗಿರಾಕಿಗಳು ತಾವೇ ಬಿಲ್ ಮಾಡಿಕೊಳ್ಳುವ ಯಂತ್ರದಲ್ಲಿ, ಒಬ್ಬ ನೋಟು ಹಾಕಿ ಚಿಲ್ಲರೆ ತೆಗೆದುಕೊಳ್ಳಲು ಮರೆತನಂತೆ. ಹಿಂದೆ ಬಂದವನು ಅದನ್ನು ಕಿಸೆಗೆ ಇಳಿಸಿದನಂತೆ. ಕ್ಯಾಮೆರಾ ನೋಡಿ ಪೊಲೀಸರು ಅವನನ್ನು ಕರೆದೊಯ್ದರಂತೆ. ಗುಂಪಿನ ಉಳಿದವರು ‘ದೇವರೇ ಕಾಪಾಡಬೇಕು’ ಎಂದು ಕೈಮುಗಿದು ಸುಮ್ಮನಾದರು. ಕಾರ್ಮಿನ್ ಮಾತ್ರ ಆ ಸಂದೇಶವನ್ನು ಮತ್ತೆ ಮತ್ತೆ ಓದಿದಳು.

ಅವಳೇನು ದಡ್ಡಿಯಲ್ಲ. ನೆಲಕ್ಕೆ ಬಿದ್ದ ನೋಟು ಯಾರದೂ ಆಗಬಹುದು, ಎತ್ತಿಕೊಂಡವಳು ‘ಸಿಕ್ಕಿತು’ ಎಂದುಬಿಡಬಹುದು. ಆದರೆ ಯಂತ್ರ ಕೊಟ್ಟ ಚಿಲ್ಲರೆ ಹಾಗಲ್ಲ. ಅದು ಮುಂದೆ ನಿಂತಿದ್ದ ಗಿರಾಕಿಯದ್ದೇ, ಮುಟ್ಟಿದರೆ ಕಳ್ಳತನವೇ. ಈ ಸೂಕ್ಷ್ಮ ತನಗೆ ಹೊಳೆದದ್ದಕ್ಕೆ ಅವಳಿಗೆ ಎಷ್ಟು ಹೆಮ್ಮೆಯಾಯಿತೆಂದರೆ, ಒಲೆಯ ಮೇಲಿದ್ದ ಗುಳಿಯೊ ಕರಕಲಾದದ್ದೂ ತಿಳಿಯಲಿಲ್ಲ. ಪೊಲೀಸು ಗಿಲೀಸು ಅವಳಿಗೆ ಬೇಕಿರಲಿಲ್ಲ. ಓಲಿವಿಯಾಳ ಕಣ್ಣೆದುರು ನಡೆದರೆ ಸಾಕು. ಶುಕ್ರವಾರದ ಚರ್ಚಿನ ಪೂಜೆ ಮುಗಿಯುವಷ್ಟರಲ್ಲಿ ಮಸ್ಕತ್ತಿನ ಕೊಂಕಣಿ ಬಲ್ಲ ಕಿವಿಗಳಿಗೆಲ್ಲ ವಿಷಯ ಮುಟ್ಟಿರುತ್ತದೆ.

ಪ್ರತಿ ಗುರುವಾರ ಸಂಜೆ ಆಲಿಸ್ ಫ್ಲ್ಯಾಟಿನ ಹಿಂದಿನ ದೊಡ್ಡ ಅಂಗಡಿಗೆ ಹೋಗುತ್ತಾಳೆ, ಗೋಡೆಬದಿಯ ಕೊನೆಯ ಯಂತ್ರದಲ್ಲೇ ಬಿಲ್ ಮಾಡುತ್ತಾಳೆ. ಯಾಕೆಂದು ಕಾರ್ಮಿನ್‌ಗೆ ಗೊತ್ತು. ಗಾಡಿಯ ತುಂಬ ಇರುವುದು ಬೆಣ್ಣೆಯಲ್ಲ, ಅಗ್ಗದ ಮಾರ್ಗರಿನ್. ಕ್ಯಾಷಿಯರನ ಮುಂದೆ ಸುರಿದರೆ ಅಪ್ಪಟ ಬೆಣ್ಣೆಯ ಗತಿಯೇನು? ಕಾರ್ಮಿನ್ ಕೆಲವು ವಾರ ಆ ಯಂತ್ರದಲ್ಲೇ ತಾನೂ ವ್ಯಾಪಾರ ಮಾಡಿ ಅಭ್ಯಾಸ ನಡೆಸಿದಳು. ಕ್ಯಾಮೆರಾ ಹಿಂದುಗಡೆ ಮೇಲಿದೆ. ಯಂತ್ರದ ಮುಂದೆ ನೆಟ್ಟಗೆ ನಿಂತರೆ, ದೇವರು ಅವಳಿಗೆ ಧಾರಾಳವಾಗಿ ಕೊಟ್ಟಿರುವ ಬೆನ್ನು ಎಲ್ಲವನ್ನೂ ಮುಚ್ಚುತ್ತದೆ. ತಾನು ಅಲ್ಲಿ ನೋಟಿಡುವುದು ಕಾಣದು. ಬಡಕಲು ಆಲಿಸ್ ಎತ್ತಿಕೊಳ್ಳುವುದು ಮಾತ್ರ ಚೆನ್ನಾಗಿ ಕಾಣುತ್ತದೆ. ಆ ಬೆನ್ನನ್ನು ಇಷ್ಟು ವರ್ಷ ಸುಮ್ಮನೆ ಬೈದುಕೊಂಡೆನಲ್ಲ ಎಂದು ಅವಳಿಗೆ ಬೇಸರವಾಯಿತು.

ಕೊನೆಗೊಂದು ಗುರುವಾರ ಓಲಿವಿಯಾಳನ್ನು ಅಂಗಡಿಯೊಳಗಿನ ಕಾಫಿ ಕೌಂಟರಿಗೆ ಕರೆದು ಕೂರಿಸಿದಳು. ಅಲ್ಲಿಂದ ಕೊನೆಯ ಯಂತ್ರ ನೇರ ಕಾಣುತ್ತದೆ. “ಒಂದು ಪೊಟ್ಟಣ ಉಪ್ಪು ತಕ್ಕೊಂಡು ಬಂದೆ,” ಎಂದು ಎದ್ದವಳು ಸರಿಯಾಗಿ ಆಲಿಸ್‌ಳ ಗಾಡಿಯ ಪಕ್ಕಕ್ಕೆ ಬಂದಳು.

“ಒಂದೇ ಪೊಟ್ಟಣ ಮಾರಾಯ್ತಿ, ನಾನು ಮೊದಲು ಹೋಗ್ಲಾ?”

“ಹೋಗಿ ಹೋಗಿ, ಕಾರ್ಮಿನ್ ಬಾಯ್,” ಎಂದಳು ಆಲಿಸ್, ಮಾರ್ಗರಿನ್ ಮೇಲೆ ಕೈಚೀಲ ಎಳೆದುಕೊಳ್ಳುತ್ತ.

ಕಾರ್ಮಿನ್ ನೆಟ್ಟಗೆ ನಿಂತಳು. ಉಪ್ಪನ್ನು ಬೆಲೆ ಓದುವ ಗಾಜಿಗೆ ತೋರಿಸಿದಳು, ಎಂದಿನಂತೆ ಫೋನ್ ತಾಗಿಸಿದಳು, ಬೆನ್ನಿನ ಮರೆಯಲ್ಲಿ ಪರ್ಸಿನಿಂದ ಹತ್ತು ರಿಯಾಲಿನ ನೋಟು ತೆಗೆದು ರಸೀದಿ ಬರುವ ಸೀಳಿನ ಕೆಳಗೆ, ಆಗಷ್ಟೇ ಹೊರಬಂದಂತೆ ಓರೆಯಾಗಿ ಇಟ್ಟಳು. ನೆವ್ರಿಯ ಅಂಚು ಮಡಚುವ ಕೈ ಅದು.

ಕಾಫಿ ಕೌಂಟರಿಗೆ ಮರಳಿ ಕೂತು ನೋಡಿದಳು. ಆಲಿಸ್‌ಗೆ ನೋಟು ಕಂಡಿತು. ಅವಳು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಮೇಲಕ್ಕೂ ಒಮ್ಮೆ ನೋಡಿ ನೋಟನ್ನು ಬ್ಯಾಗಿಗೆ ಇಳಿಸಿದಳು. ಸಕ್ಕರೆಯಿಲ್ಲದ ಕಾಫಿ ಕಾರ್ಮಿನ್‌ಗೆ ಪಾಯಸದ ಹಾಗೆ ರುಚಿಸಿತು.

“ಅಯ್ಯೋ ದೇವಾ! ನನ್ನ ಚಿಲ್ರೆ!” ಎಂದು ಹಣೆ ಬಡಿದುಕೊಂಡು, ಓಲಿವಿಯಾಳ ಕೈಹಿಡಿದು ಎಳೆದುಕೊಂಡೇ ಓಡಿದಳು. ಗಲಾಟೆ ಕೇಳಿ ಅಂಗಡಿಯ ಸೂಪರ್‌ವೈಸರ್ ಸಲಾಂ ಬಂದ. ಉಪ್ಪಿನಂಗಡಿಯವನು. ಅವನಿಗೂ ತಿಳಿಯಲೆಂದು ಕಾರ್ಮಿನ್ ಕೊಂಕಣಿ ಬಿಟ್ಟು ಕನ್ನಡಕ್ಕೆ ಬಂದಳು.

“ಇಪ್ಪತ್ತರ ನೋಟು ಹಾಕಿದ್ದೆ. ಬಾಕಿ ಚಿಲ್ರೆ ತಕ್ಕೊಂಡೆ, ಹತ್ತರ ನೋಟು ಇಲ್ಲೇ ಮರ್ತೆ. ಈಗ ಇಲ್ಲ! ನನ್ನ ನಂತ್ರ ಬಂದದ್ದು ಇವಳೊಬ್ಬಳೇ.”

ಆಲಿಸ್‌ಳ ಮುಖ ಸುಣ್ಣವಾಯಿತು. ಬ್ಯಾಗಿನಿಂದ ನೋಟು ತೆಗೆದಳು. “ನಾನು... ಚರ್ಚಿನ ಸಂತ ಅಂತೋನಿಯ ಕಾಣಿಕೆ ಡಬ್ಬಕ್ಕೆ ಹಾಕುವ ಅಂತ ತೆಗ್ದದ್ದು.”

“ಸಂತ ಅಂತೋನಿಯ ಡಬ್ಬ ನಿನ್ನ ಬ್ಯಾಗಲ್ಲಿ ಉಂಟಾ?”

ಓಲಿವಿಯಾಳ ಕಣ್ಣು ನೋಟಿನಿಂದ ಗಾಡಿಗೆ, ಗಾಡಿಯಲ್ಲಿದ್ದ ಮಾರ್ಗರಿನ್ ಡಬ್ಬಿಗಳಿಗೆ ಇಳಿಯಿತು. “ಆಲಿಸ್, ಇದೆಂತದು?” ಎಂದಳು ಮೆಲ್ಲಗೆ. ಇದು ಲೆಕ್ಕದಲ್ಲಿರದ ಲಾಭ. ಸಂಘದ ಪೆಟ್ಟಿಗೆಗಳು ಸಾಲಾಗಿ ತನ್ನ ಅಡುಗೆಮನೆಗೆ ವಾಪಸು ಬರುತ್ತಿರುವುದು ಕಾರ್ಮಿನ್‌ಗೆ ಕಂಡೇಬಿಟ್ಟಿತು.

ಸಲಾಂಗೆ ಊರಿನ ಹೆಂಗಸರ ಜಗಳ ತನ್ನ ಅಂಗಡಿಯಲ್ಲಿ ಬೇಡವಾಗಿತ್ತು. “ಹೋಗ್ಲಿ ಅಕ್ಕ, ಹಣ ಸಿಕ್ತಲ್ಲ, ಖಲಾಸ್. ನಿಮ್ಮ ಪರ್ಸಿಂದ ಬಿದ್ದಿರ್ಬೇಕು, ಅವ್ರು ಹೆಕ್ಕಿದ್ದಾರೆ.”

ಕಾರ್ಮಿನ್ ಸೆಟೆದು ನಿಂತಳು. ಇಷ್ಟು ಕಷ್ಟಪಟ್ಟು ಕಟ್ಟಿದ್ದನ್ನು ಇವನು ‘ಬಿದ್ದದ್ದು’ ಮಾಡಿ ಮುಗಿಸುವುದೇ?

“ಬಿದ್ದದ್ದಲ್ಲ! ದೇವರಾಣೆ ಬಿದ್ದದ್ದಲ್ಲ. ಈ ಮಿಷನಿಗೆ ನೋಟು ಹಾಕಿದ್ದು, ಈ ಮಿಷನೇ ನಂಗೆ ಚಿಲ್ರೆ ಕೊಟ್ಟದ್ದು. ಓಲಿವಿಯಾ ಬಾಯ್, ನೀವೇ ಸಾಕ್ಷಿ!”

ಸಲಾಂ ಯಂತ್ರವನ್ನು ನೋಡಿದ, ಅವಳನ್ನು ನೋಡಿದ. “ಇದಕ್ಕೆ ನೋಟು ಎಲ್ಲಿಂದ ಹಾಕಿದ್ದು ಅಕ್ಕ? ಸ್ವಲ್ಪ ತೋರ್ಸಿ.” ತೋರಿಸಲೆಂದು ಕಾರ್ಮಿನ್ ತಿರುಗಿ ಬೆರಳು ಚಾಚಿದಳು. ಬೆರಳು ಪರದೆಯ ಮೇಲೆ ಹೋಯಿತು, ಬೆಲೆ ಓದುವ ಗಾಜಿಗೆ ಬಂತು, ಫೋನ್ ತಾಗಿಸುವ ಜಾಗಕ್ಕೆ ಇಳಿಯಿತು, ರಸೀದಿಯ ಸೀಳಿನ ಹತ್ತಿರ ಸ್ವಲ್ಪ ತಡೆದು ಮತ್ತೆ ಪರದೆಗೇ ಮರಳಿತು. ಆಲಿಸ್‌ಳ ಕಣ್ಣು ಆ ಬೆರಳಿನ ಹಿಂದೆಯೇ ಸುತ್ತಿತು, ಓಲಿವಿಯಾ ಕನ್ನಡಕ ಹಾಕಿಕೊಂಡು ಬಗ್ಗಿದಳು. “ತೋರ್ಸು ಕಾರ್ಮಿನ್, ನಾನೂ ನೋಡ್ತೇನೆ.” ಬೆರಳು ಇನ್ನೊಂದು ಸುತ್ತು ಹೊರಟಿತು. ಬರ್ಕಾದ ಯಂತ್ರ ಹೇಗಿತ್ತೋ ಏನೋ, ಈ ಯಂತ್ರಕ್ಕೆ ನೋಟು ಹಾಕುವ ಬಾಯಿಯೇ ಇರಲಿಲ್ಲ. ಅಂಗಡಿಗೆ ಬಂದ ದಿನದಿಂದ ಅದು ಕಾರ್ಡು, ಫೋನು ಬಿಟ್ಟು ಒಂದು ರಿಯಾಲನ್ನೂ ಮುಟ್ಟಿದ್ದಿಲ್ಲ.