ಒಂದೇ ಸ್ವರ ಹಿಡಿದವನು

"ಅಯ್ಯೋ, ಕೈ ತೆಗೀಬೇಡಿ! ಹಾಗೇ ಹಿಡ್ಕೊಳ್ಳಿ!"

ಆರ್ಗನ್ ಮಾತಾಡಿತು!

ಅವಳ ಎದೆ ಧಸಕ್ಕೆಂದಿತು. ಇಷ್ಟು ವರ್ಷ ಪ್ರತಿ ಭಾನುವಾರ ಚರ್ಚಿನ ಈ ಅಟ್ಟದಲ್ಲಿ ಕೂತು ಪೈಪ್ ಆರ್ಗನ್ ನುಡಿಸಿದ್ದಾಳೆ. ಅದು ಒಮ್ಮೆಯೂ ತಿರುಗಿ ಮಾತಾಡಿರಲಿಲ್ಲ.

"ಯಾ... ಯಾರು?"

"ಒಳಗಿದ್ದೀನಿ, ರಿಪೇರಿಯವನು. ಆ ಸ್ವರ ಬಿಟ್ಟೀರಾ ಮತ್ತೆ!"

ಬೆರಳು ಕೀ ಮೇಲೆ ಅಂಟಿದಂತೆ ಕೂತಳು. ಗೋಡೆಯೆತ್ತರದ ಕೊಳವೆಗಳ ಹಿಂದೆ ಟಕ್ ಟಕ್ ಸದ್ದು. ಸ್ವಲ್ಪ ಹೊತ್ತಿಗೆ ಪುಟ್ಟ ಬಾಗಿಲು ತೆರೆದು, ಧೂಳು ಮೆತ್ತಿದ ತಲೆಯೊಂದು ಹೊರಬಂತು. ಮೂಗಿನ ಮೇಲೆ ಜೇಡರ ಬಲೆ ಬೇರೆ!

"ಶ್ರುತಿ ಸರಿ ಮಾಡೋಕೆ ಇಬ್ಬರು ಬೇಕು ಮೇಡಂ. ಒಬ್ಬರು ಹೊರಗೆ ಕೀ ಒತ್ತಿ ಹಿಡೀಬೇಕು, ಒಬ್ಬರು ಒಳಗೆ ಕೊಳವೆ ನೋಡ್ಕೋಬೇಕು. ನನ್ನ ಜೊತೆಯವನು ಜ್ವರ ಅಂತ ಮಲಗಿದಾನೆ. ದೇವರೇ ನಿಮ್ಮನ್ನ ಕಳಿಸಿದ."

"ದೇವರಲ್ಲ, ಪಾಸ್ಟರ್ ಕಳಿಸಿದ್ರು. ಮೊದಲು ಮೂಗು ಒರೆಸ್ಕೊಳ್ಳಿ."

ಅವನು ಜೋರಾಗಿ ನಕ್ಕ. ಅವಳಿಗೂ ನಗು ತಡೆಯಲಾಗಲಿಲ್ಲ. ಎಷ್ಟು ದಿನವಾಗಿತ್ತೋ ಅವಳು ಹಾಗೆ ನಕ್ಕು!

ಆಮೇಲೆ ದಿನಾ ಅದೇ ಕೆಲಸ. ಇವಳು ಹೊರಗೆ, ಅವನು ಒಳಗೆ. ಮುಖ ಕಾಣದಿದ್ದರೆ ಮಾತು ಸಲೀಸು ನೋಡಿ... ಮಾತಿಗೆ ಮಾತು ಬೆಳೆಯಿತು. ಅವನ ಹೆಂಡತಿ ತೀರಿಕೊಂಡು ಬಹಳ ಕಾಲವಾಗಿದೆ ಎಂದೂ ತಿಳಿಯಿತು. ಸಂಡೇ ಸ್ಕೂಲ್ ಮಕ್ಕಳು ಅವನಿಗೆ 'ಕೊಳವೆ ಡಾಕ್ಟರ್' ಎಂದು ಹೆಸರಿಟ್ಟವು. ಅವಳಂತೂ ಮೊದಲಿಂದ 'ಆರ್ಗನ್ ಅಕ್ಕ'.

ಒಂದು ಮಧ್ಯಾಹ್ನ ಅವನು ಕರೆದ. "ಇವತ್ತು ನೀವು ಒಳಗೆ ಹೋಗಿ. ಎಲ್ಲಕ್ಕಿಂತ ದೊಡ್ಡ ಕೊಳವೆ ಮೇಲೆ ಅಂಗೈ ಇಡಿ. ನಾನು ಒತ್ತುತೀನಿ."

"ನಿಮಗೆ ನುಡಿಸೋಕೆ ಬರುತ್ತಾ?"

"ಹಾಡು ಬರಲ್ಲ. ಒಂದು ಸ್ವರ ಗಟ್ಟಿಯಾಗಿ ಹಿಡ್ಕೊಳ್ಳೋಕೆ ಬರುತ್ತೆ, ಅಷ್ಟೇ."

ಅಂಗೈ ಇಟ್ಟಳು. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಕಾಲ ಕೆಳಗಿನ ಹಲಗೆ ನಡುಗಿತು, ಕಿಟಕಿಯ ಗಾಜು ನಡುಗಿತು, ಅವಳ ಎಲುಬಿನೊಳಗೆ ಏನೋ ನಡುಗಿತು. ಅಷ್ಟು ದೊಡ್ಡ ಕೊಳವೆ, ಎಷ್ಟು ಮೆಲ್ಲಗೆ ಮಾತಾಡುತ್ತದೆ! ದೇವರೂ ಹೀಗೇ ಇರುವನೇನೋ ಎನ್ನಿಸಿ ಕಣ್ಣು ತುಂಬಿ ಬಂತು.

ಹೊರಗೆ ಬಂದಾಗ ಅವನು ಅವಳನ್ನೇ ನೋಡುತ್ತಿದ್ದ. ಇಬ್ಬರಿಗೂ ಗೊತ್ತಾಯಿತು.

ಆ ಭಾನುವಾರ ಅವನೂ ಆರಾಧನೆಗೆ ಬಂದು ಅಟ್ಟದಲ್ಲಿ ಕೂತ. ಪ್ರಭುಭೋಜನದ ಹೊತ್ತು. ಎಲ್ಲರೂ ಸಾಲಾಗಿ ಮುಂದಿನ ಪ್ರಭುವಿನ ಮೇಜಿನ ಬಳಿ ಹೋಗಿ, ಮೊಣಕಾಲೂರಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡರು. ಇವಳು ನುಡಿಸುತ್ತಲೇ ಇದ್ದಳು. ಕೊನೆಯವರು ತಿರುಗಿ ಬಂದರೂ ಎದ್ದೇಳಲಿಲ್ಲ.

"ನೀವು ಹೋಗಲೇ ಇಲ್ವಲ್ಲ?" ಎಲ್ಲರೂ ಹೊರಟ ಮೇಲೆ ಅವನು ಕೇಳಿದ.

"ಸಂಗೀತ ನಿಲ್ಲಬಾರದಲ್ಲ..."

"ಅದಲ್ಲ. ನಿಜ ಹೇಳಿ."

ಯಾರೂ ಕೇಳಿರದ ಪ್ರಶ್ನೆ!

"ನನಗೆ ವಿಚ್ಛೇದನ ಆಗಿದೆ. ಅವರು ಬಿಟ್ಟುಹೋಗಿ ಬೇರೆ ಮದುವೆ ಆದ್ರು, ಮಕ್ಕಳೂ ಇವೆ. ಕೋರ್ಟು ಕಾಗದ ಕೊಡ್ತು. ಆದ್ರೆ ನಾನು ಮಾತು ಕೊಟ್ಟಿದ್ದು ಕೋರ್ಟಿಗಲ್ಲ, ದೇವರಿಗೆ. ಸಾಯೋವರೆಗೂ ಅಂತ ಹೇಳಿದ್ದೆ. ಮುರಿದ ಮಾತು ಇಟ್ಕೊಂಡು ಆ ಮೇಜಿನ ಹತ್ತಿರ ಹೇಗೆ ಹೋಗಲಿ?"

"ನನ್ನನ್ನ ಮದುವೆ ಆಗ್ತೀರಾ ಅಂತ ಕೇಳೋಕೆ ಬಂದಿದ್ದೆ..."

ಅಯ್ಯೋ ದೇವರೇ!

"ಆ ಮೇಜಿಗೇ ಹೋಗೋಕೆ ಆಗದವಳು, ಅದರ ಮುಂದೆ ಇನ್ನೊಂದು ಮದುವೆಗೆ ಹೇಗೆ ನಿಲ್ಲಲಿ?" ಅವಳು ಬಿಕ್ಕಿದಳು. "ಕೆಳಗೆ ಮುಂದಿನ ಸಾಲಲ್ಲಿ ನನ್ನ ಅತ್ತೆ, ಬಿಟ್ಟುಹೋದವರ ತಾಯಿ, ಕೂತಿರ್ತಾರೆ. ಅವರ ಮುಖ ನೋಡೋಕೂ ನನಗೆ ಧೈರ್ಯ ಇಲ್ಲ."

ಅವನು ಸಲಕರಣೆಯ ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದು ಹೋದ.

'ಅವರಿಗೂ ಅಸಹ್ಯ ಆಯ್ತು... ಆಗಬೇಕಾದ್ದೇ.' ಆ ವಾರವಿಡೀ ಅವಳಿಗೆ ಊಟ ಸೇರಲಿಲ್ಲ. ಅವನ ಸುದ್ದಿಯೂ ಇಲ್ಲ. ತಡೆಯಲಾರದೆ ಪಾಸ್ಟರ್ ಬಳಿ ಹೋದಳು. ಅವರು ಸಭಾಂಗಣದಲ್ಲಿ ಕುರ್ಚಿ ಜೋಡಿಸುತ್ತಿದ್ದರು.

"ಅಯ್ಯನವರೇ, ನನ್ನಂಥವಳು ಮತ್ತೆ ಮದುವೆ ಆದ್ರೆ ಪಾಪವಾ?"

ಪಾಸ್ಟರ್ ಕುರ್ಚಿ ಕೆಳಗಿಟ್ಟರು. "ಮದುವೆ ಮುರಿಯೋದು ಸಣ್ಣ ವಿಷಯ ಅಂತ ನಾನು ಹೇಳಲ್ಲಮ್ಮ. ದೇವರಿಗೂ ಅದು ನೋವೇ. ಕೆಲವು ಸಭೆಗಳು ಎರಡನೇ ಮದುವೆ ಕೂಡದು ಅಂತಾವೆ, ನಮ್ಮ ಹಿರಿಯರಲ್ಲೂ ಹಾಗೆ ಅನ್ನೋರಿದ್ದಾರೆ. ಅವರನ್ನ ನಾನು ಗೌರವಿಸ್ತೀನಿ. ಆದ್ರೆ ಬಿಟ್ಟುಹೋದವನ ಬಾಗಿಲಿಗೆ ನಿನ್ನನ್ನ ಸಾಯೋವರೆಗೂ ಕಟ್ಟಿಹಾಕು ಅಂತ ದೇವರು ನನಗೆ ಹೇಳಿದ ಹಾಗೆ ಕಾಣಲ್ಲ. ಮದುವೆ ಆಮೇಲಿನ ಮಾತು. ಆ ಮೇಜಿಂದ ನಿನ್ನನ್ನ ಯಾರು ತಡೆದ್ರು? ನಾನಂತೂ ತಡೆದಿಲ್ಲ."

ತಡೆದವರು ನಿಜವಾಗಿಯೂ ಯಾರೂ ಇರಲಿಲ್ಲ.

ಭಾನುವಾರ ಮತ್ತೆ ಬಂತು. ಪ್ರಭುಭೋಜನ ಶುರುವಾಗಿ ಇವಳು ನುಡಿಸುತ್ತಿದ್ದಾಗ ಅಟ್ಟದ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ತಿರುಗಿದರೆ... ಅತ್ತೆ! ಮಂಡಿನೋವಿನ ಆ ಹೆಂಗಸು, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿ ಬಂದಿದ್ದಳು. ಹಿಂದೆ ಆಸರೆಯಾಗಿ ಕೊಳವೆ ಡಾಕ್ಟರ್.

"ಇವನು ನಮ್ಮನೆಗೆ ಬಂದಿದ್ದ ಕಣೇ," ಅತ್ತೆ ಪಿಸುಗುಟ್ಟಿದಳು. "'ಅಮ್ಮಾ, ನಿಮ್ಮ ಸೊಸೆ ಹಸಿದಿದ್ದಾಳೆ' ಅಂದ. ಊಟಕ್ಕೇ ಗತಿ ಇಲ್ವೇನೋ ಅಂತ ನನ್ನ ಜೀವ ಬಾಯಿಗೆ ಬಂತು! ಆಮೇಲೆ ಬಿಡಿಸಿ ಹೇಳಿದ."

"ಅತ್ತೆ..."

"ನನ್ನ ಮಗ ಮಾಡಿದ್ದಕ್ಕೆ, ನನ್ನ ಪಕ್ಕ ಮೊಣಕಾಲೂರೋಕೆ ನಿನಗೆ ಮನಸ್ಸಿಲ್ಲ, ಅದಕ್ಕೇ ಮೇಲೆ ಕೂತಿರ್ತೀಯ ಅಂದ್ಕೊಂಡಿದ್ದೆ. ನೀನು ನನಗೆ ಹೆದರಿ, ನಾನು ನಿನಗೆ ನಾಚಿ... ಎಂಥ ದಡ್ಡರು ನಾವು! ಮಾತು ಮುರಿದವನು ಅವನು. ನೀನಲ್ಲ ಮಗಳೇ. ಬಾ, ಮಂಡಿ ನೋಯ್ತಿದೆ, ಕೈ ಹಿಡ್ಕೋ."

"ಸಂಗೀತ...?"

ಅವನು ಮೆಲ್ಲಗೆ ಅವಳ ಪಕ್ಕ ಕೂತ. ಎಲ್ಲಕ್ಕಿಂತ ದೊಡ್ಡ ಕೊಳವೆಯ ಕೀ ಮೇಲೆ ಬೆರಳಿಟ್ಟ. "ನೀವು ಹೋಗಿ ಬನ್ನಿ. ಒಂದು ಸ್ವರ ನಾನು ಹಿಡ್ಕೊಂಡಿರ್ತೀನಿ."

ಅತ್ತೆ ಸೊಸೆ ಕೈ ಹಿಡಿದು ಕೆಳಗಿಳಿದು ಸಾಲುಗಳ ನಡುವೆ ನಡೆದರು. ಸಭೆ ಉಸಿರು ಬಿಗಿಹಿಡಿದು ನೋಡಿತು. ಒಬ್ಬಿಬ್ಬರು ಮುಖ ತಿರುಗಿಸಿದ್ದೂ ನಿಜ. ಅವಳಿಗದು ಕಾಣಲಿಲ್ಲ. ಮೊಣಕಾಲೂರಿದ ಕಲ್ಲುನೆಲ ಆ ಒಂದೇ ಸ್ವರಕ್ಕೆ ಮೆಲ್ಲಗೆ ನಡುಗುತ್ತಿತ್ತು; ಅಂದು ಅಂಗೈಗೆ ತಾಗಿದ್ದು ಇಂದು ಇಡೀ ಮೈಗೆ ತಾಗಿತು. ಪಾಸ್ಟರ್ ರೊಟ್ಟಿಯ ತುಣುಕನ್ನು ಕೈಗಿಟ್ಟಾಗ ಅವರ ಕಣ್ಣೂ ಒದ್ದೆಯಾಗಿತ್ತು. ಇಷ್ಟು ದೊಡ್ಡ ದೇವರು, ಇಷ್ಟು ಹತ್ತಿರ! ಅವಳು ಅತ್ತಳು, ಯಾರು ನೋಡಿದರೂ ಲೆಕ್ಕಿಸದೆ ಅತ್ತಳು.

ಅಟ್ಟಕ್ಕೆ ಮರಳಿದಾಗ ಅವನ ಬೆರಳು ಕೀ ಮೇಲೇ ಇತ್ತು. ಹಣೆಯಲ್ಲಿ ಬೆವರು.

"ಅವತ್ತು ಯಾಕೆ ಹಾಗೆ ಹೊರಟುಹೋದ್ರಿ?"

"ನಾನು ಅಲ್ಲೇ ಇದ್ದಿದ್ರೆ ಒಪ್ಪಿಕೊಳ್ಳಿ ಅಂತ ಬೇಡ್ಕೊಳ್ತಿದ್ದೆ. ನಿಮಗೆ ಮೊದಲು ಬೇಕಿದ್ದದ್ದು ನಾನಲ್ಲ, ಆ ಮೇಜು."

ಅವಳು ಅವನ ಪಕ್ಕ ಕೂತಳು.

"ಈಗ ಕೇಳಿ. ಅವತ್ತು ಕೇಳೋಕೆ ಬಂದಿದ್ದನ್ನ."

"ನನ್ನನ್ನ... ಮದುವೆ ಆಗ್ತೀರಾ?"

"ಹೂಂ. ಅದೇ ಮೇಜಿನ ಮುಂದೆ."

ಅವನ ಕಣ್ಣು ತುಂಬಿತು. "ಇನ್ನು... ಕೈ ತೆಗೀಲಾ?"

ಅವಳು ಅವನ ಕೈ ಮೇಲೆ ತನ್ನ ಕೈಯಿಟ್ಟಳು.

"ತೆಗೀಬೇಡಿ. ಹಾಗೇ ಹಿಡ್ಕೊಳ್ಳಿ."