ಸಹ-ಅರ್ಜಿದಾರಳು

ಆಸ್ಪತ್ರೆಯ ಬಟ್ಟೆ ಸಾಗಿಸುವ ಲಿಫ್ಟಿನಲ್ಲಿ ಇಸ್ತ್ರಿ ಮಾಡಿದ ಚಾದರಗಳ ಗಾಡಿ ಹಿಡಿದು ಅವಳು ನಿಂತಿದ್ದಳು. ಬಟನ್ನುಗಳ ಪಕ್ಕದ ಸ್ಕ್ರೂ ಬಿಗಿಯುತ್ತಿದ್ದ ಲಿಫ್ಟ್ ಮೆಕ್ಯಾನಿಕ್, ಅವಳತ್ತ ನೋಡದೆಯೇ ಕೇಳಿದ:

"ನನ್ ಹೋಮ್ ಲೋನಿಗೆ ಜೊತೇಲಿ ಸೈನ್ ಹಾಕ್ತೀರಾ?"

ಎಂಟು ತಿಂಗಳಿಂದ ಅವನು ಈ ಲಿಫ್ಟಿಗೆ ಬೇಕಾದ್ದಕ್ಕಿಂತ ಹೆಚ್ಚು ಸಲ ಎಣ್ಣೆ ಹಾಕಿದ್ದ. ಅವಳು ತಲೆ ಎತ್ತಿದರೆ ಸ್ಕ್ರೂಡ್ರೈವರ್ ನೋಡುತ್ತಿದ್ದ, ತಲೆ ತಗ್ಗಿಸಿದರೆ ಅವಳನ್ನು ನೋಡುತ್ತಿದ್ದ. ಇದೆಲ್ಲ ಗಾಡಿಯ ಹೊಳೆಯುವ ಸ್ಟೀಲ್ ಅಂಚಿನಲ್ಲಿ ಅವಳಿಗೆ ಕಾಣುತ್ತಿತ್ತು. ಇವನು ಒಂದಲ್ಲ ಒಂದು ದಿನ ಬಾಯಿ ಬಿಡುತ್ತಾನೆ ಎಂದು ಕಾದಿದ್ದಳು. ಬಿಟ್ಟ ಬಾಯಿಂದ ಬ್ಯಾಂಕ್ ಉದುರಿತ್ತು.

"ಲೋನಿಗಾ?"

"ಕಂಪನಿ ಬಿಟ್ಟು ಕಾಂಟ್ರಾಕ್ಟ್ ಮೇಲೆ ಮಾಡ್ತಿದೀನಲ್ಲ, ಬ್ಯಾಂಕ್ ಮೇಡಂ ಎರಡು ವರ್ಷದ ಟ್ಯಾಕ್ಸ್ ಪೇಪರ್ ಕೇಳ್ತಾರೆ. ನಂದು ಶುರುವಾಗಿ ಮೂರು ತಿಂಗಳು. ಪರ್ಮನೆಂಟ್ ಕೆಲ್ಸದಲ್ಲಿರೋ ಹೆಂಡತಿ ಇದ್ರೆ ಸೇರಿಸ್ಕೊಂಡು ಬನ್ನಿ ಅಂದ್ರು." ಅವನ ಕಿವಿ ಕೆಂಪಾದವು. "ನೀವು ಪರ್ಮನೆಂಟ್ ಅಲ್ವಾ?"

ಬಾಗಿಲು ತೆರೆಯಿತು. ಅವಳು ಗಾಡಿ ತಳ್ಳಿಕೊಂಡು ಹೊರಟೇಬಿಟ್ಟಳು. ಅದು ತಾನು ಇಳಿಯಬೇಕಾದ ಮಹಡಿಯಲ್ಲ ಎಂದು ಗೊತ್ತಾದದ್ದು ಅರ್ಧ ದಾರಿಗೆ ಹೋದ ಮೇಲೆ.

ಮನೆಯಲ್ಲಿ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹುಡುಗ್ರು ಮೊದ್ಲು ಫೋನ್ ನಂಬರ್ ಕೇಳ್ತಾರೆ ಕಣೇ. ನಿನ್ನೋನು ನೇರವಾಗಿ ಸ್ಯಾಲರಿ ಸ್ಲಿಪ್ಪಿಗೇ ಕೈ ಹಾಕಿದಾನೆ!"

"ಅಕ್ಕಾ, ಅವ್ನಿಗೆ ಬೇಕಾಗಿರೋದು ನಾನಾ, ನನ್ ಕೆಲ್ಸಾನಾ?"

"ನಂಗೇನೇ ಗೊತ್ತು? ಅವನನ್ನೇ ಕೇಳು."

ಕೇಳುವುದೇ ಅವಳಿಗೆ ಬಾರದ ವಿದ್ಯೆ. ಏಳನೇ ಕ್ಲಾಸಿಗೆ ಶಾಲೆ ಬಿಡುವವರೆಗೂ ಒಮ್ಮೆಯೂ ಕೈ ಎತ್ತಿದವಳಲ್ಲ. ಎರಡು ದಿನ ಇಸ್ತ್ರಿ ಓಡಿಸುತ್ತಾ ಅದನ್ನೇ ಯೋಚಿಸಿದಳು. ಹೆಂಡತಿ ಆಗುವುದಕ್ಕೆ ಸೈನೋ, ಸೈನಿಗಾಗಿ ಹೆಂಡತಿಯೋ? ತಾನು ಒಲ್ಲೆ ಎಂದರೆ ಕೈತಪ್ಪುವುದು ಮನೆ ಮಾತ್ರವೋ, ಅವನೂನೋ? ಒಂದು ದಿಂಬಿನ ಕವರ್ ಸುಟ್ಟು ಸೂಪರ್‌ವೈಸರ್ ಹತ್ತಿರ ಬೈಸಿಕೊಂಡಿದ್ದಷ್ಟೇ ಬಂತು.

ಮೂರನೆಯ ದಿನ ಲಿಫ್ಟಿನಲ್ಲಿ ಅವನು ಒಬ್ಬನೇ ಇದ್ದ. ಪ್ರಶ್ನೆ ಕೇಳಲೆಂದೇ ಬಾಯಿ ತೆರೆದಳು. ಅದರ ಬದಲು ಒಂದು ಸುಳ್ಳು ಹೊರಬಿತ್ತು.

"ನನ್ನೂ ಕಾಂಟ್ರಾಕ್ಟಿಗೆ ಹಾಕಿದ್ರು."

ಅವನ ಕೈ ನಿಂತಿತು. ಸ್ಟೀಲ್ ಅಂಚಿನಲ್ಲಿ ಅವನ ಮುಖ ಸಪ್ಪಗಾದದ್ದು ಅವಳಿಗೆ ಕಂಡಿತು. ಮುಗಿಯಿತು ಅಂದುಕೊಂಡಳು.

"ಅಯ್ಯೋ. ಯಾವಾಗ? ಊಟ ಗೀಟ ಮಾಡಿದ್ರಾ ನೀವು?"

"ಹೂಂ."

"ಹೋಗ್ಲಿ ಬಿಡಿ, ತಲೆ ಕೆಡಿಸ್ಕೋಬೇಡಿ. ಎರಡು ವರ್ಷ ಬಿಟ್ಟು ಬರ್ತೀವಿ ಅಂತ ಬ್ಯಾಂಕ್ ಮೇಡಂಗೆ ಹೇಳಿದ್ರಾಯ್ತು. ಅಲ್ಲಿವರ್ಗೂ ಬಾಡಿಗೆ ಮನೆ ನೋಡೋಣ." ಮತ್ತೆ ಸ್ಕ್ರೂ ತಿರುಗಿಸುತ್ತಾ ಕೇಳಿದ, "ಅಡುಗೆಮನೇಗೆ ಕಿಟಕಿ ಬೇಕಾ ನಿಮ್ಗೆ?"

"ನಾನು ಸೈನ್ ಹಾಕೋಕಾಗಲ್ಲ ಅಂತ ಹೇಳ್ತಿದೀನಿ."

"ಗೊತ್ತಾಯ್ತು ರೀ. ಅದಕ್ಕೇ ಬಾಡಿಗೆ ಅಂದಿದ್ದು."

"ನೀವು ಕಂಪನಿ ಯಾಕೆ ಬಿಟ್ರಿ?"

"ಬೇರೆ ಊರಿಗೆ ಟ್ರಾನ್ಸ್‌ಫರ್ ಮಾಡಿದ್ರು." ಈ ಸಲ ಅವನು ಸ್ಕ್ರೂಡ್ರೈವರ್ ಕಡೆ ತಿರುಗಲಿಲ್ಲ, ಅವಳನ್ನೇ ನೋಡಿದ. "ಅಲ್ಲೂ ಬೇಕಾದಷ್ಟು ಲಿಫ್ಟ್ ಇದ್ವು. ನೀವು ಹತ್ತೋದು ಒಂದೂ ಇರ್ಲಿಲ್ಲ."

ಅವಳು ಗಾಡಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ನಾನು ಹೇಳಿದ್ದು ಸುಳ್ಳು. ನಂದು ಪರ್ಮನೆಂಟೇ."

"ಆಂ? ಮತ್ಯಾಕ್ರೀ ಹಂಗಂದ್ರಿ?"

"ನಿಮ್ಗೆ ಬೇಕಾಗಿರೋದು ನಾನೋ, ಸ್ಲಿಪ್ಪೋ ಗೊತ್ತಾಗ್ಲಿಲ್ಲ."

"ಛೆ!" ಅವನು ಹಣೆ ಬಡಿದುಕೊಂಡ, ಬೆರಳಿನ ಗ್ರೀಸ್ ಹಣೆಗೆ ಅಂಟಿತು. "ನಿಮ್ಮನ್ನ ಮಾತಾಡ್ಸೋಕೆ ಎಂಟು ತಿಂಗ್ಳಿಂದ ನೆಪ ಹುಡುಕ್ತಿದ್ದೆ. ಬ್ಯಾಂಕಿನೋರು ಒಂದು ಕೊಟ್ರು, ಅದನ್ನೂ ಕೆಡಿಸ್ಕೊಂಡೆ. ಈಗ ನಾವು ಮಾಡೋದು ಲೋನಾ, ಬಾಡಿಗೇನಾ? ನಂಗೇ ಗೊಂದಲ ಆಗೋಯ್ತು."

ಲಿಫ್ಟಿನ ಬಾಗಿಲು ತೆರೆಯಿತು. ಇಬ್ಬರೂ ಇಳಿಯಲಿಲ್ಲ. ಬಾಗಿಲು ಮುಚ್ಚಿಕೊಂಡಿತು.

"ನಂಗೂ," ಎಂದಳು, ಗ್ರೀಸ್ ಮೆತ್ತಿದ ಆ ಹಣೆಯನ್ನು ಮೊದಲ ಬಾರಿ ನೇರವಾಗಿ ನೋಡುತ್ತಾ. "ಯಾವ್ದಾದ್ರೂ ಆಗ್ಲಿ. ಕಿಟಕಿ ಮಾತ್ರ ಬೇಕು."